ಓದುಗರ ಪ್ರಶ್ನೆ: ಮರ, ಬಟ್ಟೆ ಬಿಟ್ಟು ವಿಮಾನ ಲೋಹಕ್ಕೆ ಬಂದದ್ದು ಹೇಗೆ?

ಪ್ರಶ್ನೆ: ಮೊದಲ ಮಹಾಯುದ್ಧದ ಫೋಟೋಗಳಲ್ಲಿ ವಿಮಾನ ಅಂದ್ರೆ ಮರ, ಬಟ್ಟೆ, ತಂತಿ, ಮೇಲೊಂದು ಕೆಳಗೊಂದು ರೆಕ್ಕೆ. ಎರಡನೇ ಯುದ್ಧದ ಹೊತ್ತಿಗೆ ಒಂದೇ ಜೊತೆ ರೆಕ್ಕೆಯ ನುಣುಪಾದ ಲೋಹದ ವಿಮಾನ. ನಡುವೆ ಇದ್ದದ್ದು 20 ವರ್ಷ. ಅಷ್ಟರಲ್ಲಿ ಯಾರು ಏನು ಕಂಡುಹಿಡಿದರು? (ಧಾರವಾಡದ ಓದುಗರು)

ಉತ್ತರ: ಒಬ್ಬರ ಹೆಸರು ಹೇಳಿ ಮುಗಿಸೋಕೆ ಆಗಲ್ಲ. ನಾಲ್ಕೈದು ಸಂಗತಿಗಳು ಬೇರೆ ಬೇರೆ ಕಡೆ ಬೆಳೆದು, 1933ರ ಸುಮಾರಿಗೆ ಒಂದೇ ವಿಮಾನದಲ್ಲಿ ಬಂದು ಸೇರಿದವು. ಅವನ್ನು ಹಾಗೆ ಸೇರಿಸುವಂತೆ ಮಾಡಿದ್ದರಲ್ಲಿ ಸೈನ್ಯಕ್ಕಿಂತ ದೊಡ್ಡ ಪಾಲು ಟಿಕೆಟ್ ಮಾರಿ ಬದುಕಬೇಕಿದ್ದ ಅಮೆರಿಕದ ಕಂಪನಿಗಳದ್ದು ಎಂದೇ ನನ್ನ ಅಭಿಪ್ರಾಯ.

ಮೊದಲು ಜೋಡಿ ರೆಕ್ಕೆಯ ವಿಚಾರ. ಅದಕ್ಕೆ ಒಳ್ಳೆಯ ಕಾರಣವಿತ್ತು. ಆಗಿನ ರೆಕ್ಕೆ ಬಹಳ ತೆಳು, ಒಳಗೆ ದಪ್ಪ ತೊಲೆ ಇಡೋಕೆ ಜಾಗವಿರಲಿಲ್ಲ. ಎರಡು ರೆಕ್ಕೆಗಳ ನಡುವೆ ಕಂಬ ನಿಲ್ಲಿಸಿ ಅಡ್ಡಡ್ಡ ತಂತಿ ಬಿಗಿದರೆ ಕಡಿಮೆ ತೂಕದಲ್ಲೇ ಗಟ್ಟಿ ಚೌಕಟ್ಟು ಸಿಗುತ್ತಿತ್ತು. ಆದರೆ ಆ ಒಂದೊಂದು ತಂತಿಯೂ ಗಾಳಿಯನ್ನು ತಡೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. 1929ರಲ್ಲಿ ಕೇಂಬ್ರಿಜ್‌ನ ಮೆಲ್ವಿಲ್ ಜೋನ್ಸ್ ಇದನ್ನೇ ಲೆಕ್ಕ ಹಾಕಿ, ಎಂಜಿನ್ನಿನ ಶಕ್ತಿ ಎಷ್ಟೊಂದು ಸುಮ್ನೆ ಪೋಲಾಗುತ್ತಿದೆ ಅಂತ ತೋರಿಸಿದ ಮೇಲೆ ವಿನ್ಯಾಸಕಾರರಿಗೆ ನುಣುಪು ಮೈಯ ಬೆಲೆ ಚೆನ್ನಾಗಿ ಅರ್ಥವಾಯಿತು.

ತಂತಿ ತೆಗೀಬೇಕು ಅಂದ್ರೆ ರೆಕ್ಕೆ ತಾನೇ ಗಟ್ಟಿಯಾಗಿರಬೇಕು. ಅದಕ್ಕೆ ಒದಗಿದ್ದು ಡ್ಯುರಾಲುಮಿನ್, ಅಂದರೆ ಅಲ್ಯೂಮಿನಿಯಂಗೆ ಸುಮಾರು 4% ತಾಮ್ರ ಮತ್ತೆ ಸ್ವಲ್ಪ ಬೇರೆ ಲೋಹ ಬೆರೆಸಿದ್ದು. ಜರ್ಮನಿಯ ಆಲ್ಫ್ರೆಡ್ ವಿಲ್ಮ್ 1906ರಲ್ಲಿ ಇದರ ಗುಣ ಗಮನಿಸಿದರು. ಕಾಯಿಸಿ ನೀರಿಗೆ ಅದ್ದಿದ ತುಂಡು ಮೊದಲು ಮೆತ್ತಗಿರುತ್ತದೆ, ಆಮೇಲೆ ಏನೂ ಮಾಡದೆ ಇಟ್ಟರೂ ಕೆಲವು ದಿನಗಳಲ್ಲಿ ತಾನಾಗಿ ಗಟ್ಟಿಯಾಗುತ್ತದೆ! ಈ ಗುಣದಿಂದಾಗಿ ಕಾರ್ಖಾನೆಗಳಲ್ಲಿ ಒಂದು ವಿಚಿತ್ರ ಪದ್ಧತಿಯೇ ಬಂತು. ಲೋಹದ ಹಾಳೆಗಳನ್ನು ಜೋಡಿಸುವ ಮೊಳೆಯಂಥ ರಿವೆಟ್‌ಗಳನ್ನು ಕಾಯಿಸಿ ಅದ್ದಿ ಐಸ್ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ತಣ್ಣಗಿದ್ದಷ್ಟು ಹೊತ್ತು ಅವು ಮೆತ್ತಗೇ ಇರುತ್ತವೆ. ಹೊರಗೆ ತೆಗೆದವರು ಬೇಗ ಬೇಗ ಹೊಡೆದು ಕೂರಿಸಬೇಕು, ತಡವಾದರೆ ರಿವೆಟ್ ಬಗ್ಗಲ್ಲ, ಬಿರುಕು ಬಿಡುತ್ತದೆ. ಕೂರಿಸಿದ ಮೇಲೆ ಅದು ವಿಮಾನದ ಮೈಯಲ್ಲೇ ಗಟ್ಟಿಯಾಗುತ್ತದೆ.

ಹ್ಯೂಗೋ ಯುಂಕರ್ಸ್ 1919ರಲ್ಲೇ ಎಫ್ 13 ಎಂಬ ಪೂರ್ತಿ ಲೋಹದ ಪ್ರಯಾಣಿಕ ವಿಮಾನ ಹಾರಿಸಿದ್ದರು. ಹಾಗಾದ್ರೆ ಉಳಿದವರು ಹತ್ತು ವರ್ಷ ಯಾಕೆ ಕಾದರು? ಮರ ಅಗ್ಗ, ಬಡಗಿಗಳು ಎಲ್ಲೆಡೆ ಸಿಗುತ್ತಿದ್ದರು, ಮತ್ತೆ ಡ್ಯುರಾಲುಮಿನ್ ಒಳಗೊಳಗೇ ಸವೆಯುತ್ತಿತ್ತು. ಅದರ ಮೇಲೆ ಶುದ್ಧ ಅಲ್ಯೂಮಿನಿಯಂನ ತೆಳು ಪದರ ಹಚ್ಚುವ ವಿಧಾನ ಬಂದದ್ದು 1920ರ ದಶಕದ ಕೊನೆಗೆ. ಅಷ್ಟರಲ್ಲಿ, 1931ರ ಮಾರ್ಚ್ 31ರಂದು, ಕ್ಯಾನ್ಸಾಸ್‌ನಲ್ಲಿ ಒಂದು ಫೋಕರ್ ವಿಮಾನದ ಮರದ ರೆಕ್ಕೆ ಹಾರಾಟದಲ್ಲೇ ಮುರಿದು ಎಂಟು ಜನ ಸತ್ತರು. ಅವರಲ್ಲಿ ದೇಶವೇ ಬಲ್ಲ ಫುಟ್‌ಬಾಲ್ ಕೋಚ್ ನೂಟ್ ರಾಕ್ನಿ ಒಬ್ಬರು. ತೇವದಿಂದ ರೆಕ್ಕೆಯೊಳಗಿನ ಅಂಟು ಬಿಟ್ಟಿತ್ತು ಎಂಬ ಮಾತು ಬಂತು, ಮರದ ರೆಕ್ಕೆ ಅಂದ್ರೆ ಜನ ಹೆದರಿದರು.

1933ರಲ್ಲಿ ಲೋಹದ ಬೋಯಿಂಗ್ 247 ಹಾರಿತು. ಒಳ್ಳೆಯ ವಿಮಾನವೇ, ಆದರೆ ರೆಕ್ಕೆಯ ತೊಲೆ ಕ್ಯಾಬಿನ್ ನಡುವೆಯೇ ಹಾದು ಹೋಗುತ್ತಿತ್ತು, ಪ್ರಯಾಣಿಕರು ಅದನ್ನು ದಾಟಿಕೊಂಡು ಓಡಾಡಬೇಕು. ಮೊದಲ 60 ವಿಮಾನಗಳೂ ಯುನೈಟೆಡ್ ಎಂಬ ವಿಮಾನಯಾನ ಗುಂಪಿಗೇ ಮೀಸಲಾಗಿದ್ದರಿಂದ ಅದರ ಪೈಪೋಟಿಯ ಟಿಡಬ್ಲ್ಯೂಎ ಕಂಪನಿ, ವಿಮಾನ ಕಟ್ಟುವ ಡಗ್ಲಾಸ್ ಕಂಪನಿಯ ಬಾಗಿಲು ತಟ್ಟಿತು. ಅವರ ಷರತ್ತು ಕಠಿಣವಾಗಿತ್ತು. ನಮ್ಮ ಯಾವ ನಿಲ್ದಾಣದಿಂದಾದರೂ ಸರಿ, ಒಂದು ಎಂಜಿನ್ ಕೈಕೊಟ್ಟರೂ ತುಂಬಿದ ವಿಮಾನ ಮೇಲೇರಬೇಕು ಅಂದರು. ಸುಮಾರು 1,500 ಮೀಟರ್ ಎತ್ತರದ, ಅರಿಜೋನಾದ ವಿನ್‌ಸ್ಲೋದಲ್ಲಿ ಡಗ್ಲಾಸ್ ಕಟ್ಟಿದ ಡಿಸಿ-1 ಒಂದೇ ಎಂಜಿನ್‌ನಲ್ಲಿ ಏರಿ ಆಲ್ಬುಕರ್ಕಿವರೆಗೂ ಹೋಗಿ ತೋರಿಸಿತು. ಅದರ ದೊಡ್ಡ ತಮ್ಮನೇ 1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಿಸಿ-3.

ಇದಕ್ಕೆಲ್ಲ ಬೇಕಾದ ಇನ್ನೊಂದು ಭಾಗ ಫ್ರಾಂಕ್ ಕಾಲ್ಡ್‌ವೆಲ್ ರೂಪಿಸಿದ, ಹಾರುವಾಗಲೇ ಬ್ಲೇಡ್‌ಗಳ ಕೋನ ಬದಲಿಸಬಹುದಾದ ಪ್ರೊಪೆಲರ್. ಚಾರ್ಮಾಡಿ ಘಾಟಿ ಹತ್ತುವಾಗ ಬಸ್ಸಿಗೆ ಒಂದು ಗೇರು, ಸಪಾಟು ರಸ್ತೆಗೆ ಇನ್ನೊಂದು ಬೇಕಲ್ವಾ, ಇದೂ ಹಾಗೆ. ಇದಿಲ್ಲದೆ ಎತ್ತರದ ನಿಲ್ದಾಣಗಳಲ್ಲಿ ಬೋಯಿಂಗ್ 247 ಕೂಡ ಏದುಸಿರು ಬಿಡುತ್ತಿತ್ತು.

ಪ್ರಶ್ನೆ: ಆ ಕಾಲದ ವಿಮಾನಗಳ ದುಂಡನೆಯ ಎಂಜಿನ್ ಸುತ್ತ ಒಂದು ಕವಚ ಇರುತ್ತೆ. ಗಾಳಿಯಿಂದ ತಣ್ಣಗಾಗಬೇಕಾದ ಎಂಜಿನ್ನನ್ನು ಮುಚ್ಚಿದರೆ ಬಿಸಿ ಜಾಸ್ತಿ ಆಗಲ್ವಾ? (ಹಾಸನದ ಓದುಗರು)

ಉತ್ತರ: ಆಗಿನ ಎಂಜಿನಿಯರುಗಳಿಗೂ ಇದೇ ಅನುಮಾನ ಇತ್ತು. ಅಮೆರಿಕದ ಲ್ಯಾಂಗ್ಲಿಯಲ್ಲಿ ನಿಜವಾದ ಎಂಜಿನ್, ಪ್ರೊಪೆಲರ್ ಎರಡೂ ಹಿಡಿಯುವಷ್ಟು ದೊಡ್ಡ ಗಾಳಿಸುರಂಗ, ಅಂದರೆ ಜೋರಾಗಿ ಗಾಳಿ ಹಾಯಿಸಿ ಪರೀಕ್ಷೆ ಮಾಡುವ ಕೊಳವೆ ಇತ್ತು. ಅಲ್ಲಿ ಫ್ರೆಡ್ ವೈಕ್ ತಂಡ ಕವಚದ ಆಕಾರವನ್ನು ಮತ್ತೆ ಮತ್ತೆ ಬದಲಿಸಿ ನೋಡಿತು. ಗುಟ್ಟು ಇಷ್ಟೇ: ಬೇಕಾದಷ್ಟು ಗಾಳಿಯನ್ನು ಮಾತ್ರ ಒಳಗೆ ಬಿಟ್ಟು, ಅದು ಸಿಲಿಂಡರ್‌ಗಳ ಮೈಗೆ ತಾಗಿಕೊಂಡೇ ಹೋಗುವಂತೆ ದಾರಿ ಮಾಡಬೇಕು. ಉಳಿದ ಗಾಳಿ ಹೊರಗಿನಿಂದ ಜಾರಿ ಹೋಗುತ್ತದೆ. 1928ರಲ್ಲಿ ಒಂದು ಕರ್ಟಿಸ್ ಹಾಕ್ ವಿಮಾನಕ್ಕೆ ಇದನ್ನು ಹಾಕಿದಾಗ ವೇಗ ಗಂಟೆಗೆ 190 ಕಿ.ಮೀ.ನಿಂದ 220ಕ್ಕೆ ಏರಿತು, ಎಂಜಿನ್ ಅದೇ.

ಪ್ರಶ್ನೆ: ಡಿಸಿ-3ಗೂ ಬೆಂಗಳೂರಿಗೂ ನಂಟಿದೆಯಂತೆ, ನಿಜವಾ? (ಮಂಡ್ಯದ ಓದುಗರು)

ಉತ್ತರ: ನಿಜ. ಅದರ ಸೈನಿಕ ರೂಪವೇ ನಾವು ಡಕೋಟಾ ಅನ್ನೋದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು, ಅದೇ ಇವತ್ತಿನ ಎಚ್‌ಎಎಲ್. ಯುದ್ಧಕಾಲದಲ್ಲಿ ಅದು ಅಮೆರಿಕನ್ ವಾಯುಪಡೆಯ ದೊಡ್ಡ ರಿಪೇರಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಇಲ್ಲಿ ಉಳಿದ ಡಕೋಟಾಗಳನ್ನು ಅದೇ ಕಾರ್ಖಾನೆ ಪ್ರಯಾಣಿಕರಿಗೆ ಒಗ್ಗುವ ಹಾಗೆ ಬದಲಿಸಿಕೊಟ್ಟಿತು. 1947ರ ಅಕ್ಟೋಬರ್ 27ರಂದು ನಮ್ಮ ಸೈನಿಕರನ್ನು ಶ್ರೀನಗರಕ್ಕೆ ಇಳಿಸಿದ್ದೂ ಡಕೋಟಾಗಳೇ.