ದಾಸರ ಪದಕ್ಕೆ ಕಾಪಿರೈಟ್ ಕ್ಲೇಮ್ ಬಂದಿದ್ದರೆ

ವಿಜಯದಾಸರ ಪದವನ್ನು ಗಿಟಾರ್, ಡ್ರಮ್ಸ್ ಸೇರಿಸಿ ಹಾಡಿ ಯೂಟ್ಯೂಬ್‌ಗೆ ಹಾಕಿದ್ದಕ್ಕೆ ಕಾಪಿರೈಟ್ ಕ್ಲೇಮ್ (‘ಇದರ ಹಕ್ಕು ನಮ್ಮದು’ ಎಂಬ ತಕರಾರು) ಬಂದಿದೆ, ಉತ್ಸವದವರಿಗೆ ವಿಡಿಯೊ ಲಿಂಕ್ ಕಳಿಸಬೇಕು, ಏನು ಮಾಡಲಿ ಎಂದು ಕೇಳಿದ್ದೀರಿ. ಬಹುಶಃ ಇದು ನಿಮ್ಮದೇ ಡಿಸ್ಟ್ರಿಬ್ಯೂಟರ್, ಅಂದರೆ ನಿಮ್ಮ ಹಾಡನ್ನು ಆ್ಯಪ್‌ಗಳಿಗೆ ತಲುಪಿಸುವ ಕಂಪನಿ, ಕಡೆಯಿಂದ ಬಂದ ಕ್ಲೇಮ್. ಸ್ಪಾಟಿಫೈಗೆ ಹಾಡು ಕಳಿಸುವಾಗ ‘ಕಂಟೆಂಟ್ ಐಡಿ’ಗೆ (ಒಂದೇ ಆಡಿಯೊ ಎಲ್ಲಿದ್ದರೂ ತಾನಾಗಿ ಗುರುತಿಸುವ ಯೂಟ್ಯೂಬ್ ವ್ಯವಸ್ಥೆ) ಟಿಕ್ ಹಾಕಿದ್ದರೆ, ಅದೇ ಆಡಿಯೊ ನಿಮ್ಮ ಚಾನೆಲ್‌ಗೆ ಏರಿದರೂ ಯೂಟ್ಯೂಬ್ ಹಿಡಿಯುತ್ತದೆ. ಅದಕ್ಕೆ ನೀವು ಯಾರೋ, ಹಾಡಿನ ಒಡೆಯರು ಯಾರೋ!

ಮೊದಲು ಯೂಟ್ಯೂಬ್ ಸ್ಟುಡಿಯೊದಲ್ಲಿ ಆ ವಿಡಿಯೊ ಎದುರಿನ ‘ಕಾಪಿರೈಟ್’ ಒತ್ತಿ, ಕ್ಲೇಮ್ ಮಾಡಿದವರ ಹೆಸರು ನೋಡಿ. ಡಿಸ್ಟ್ರಿಬ್ಯೂಟರ್ ಹೆಸರಿದ್ದರೆ ಡಿಸ್ಪ್ಯೂಟ್ (ಕ್ಲೇಮ್ ತಪ್ಪು ಎಂಬ ಆಕ್ಷೇಪಣೆ) ಹಾಕಬೇಡಿ. ಚಾನೆಲ್ ಲಿಂಕ್, ಹಾಡಿನ 12 ಅಕ್ಷರದ ಐಎಸ್‌ಆರ್‌ಸಿ (ಪ್ರತಿ ರೆಕಾರ್ಡಿಂಗ್‌ಗೂ ಇರುವ ಗುರುತಿನ ಕೋಡ್) ಎರಡನ್ನೂ ಅವರಿಗೇ ಮೇಲ್ ಮಾಡಿ, ಚಾನೆಲನ್ನು ವೈಟ್‌ಲಿಸ್ಟ್ ಮಾಡಲು, ಅಂದರೆ ಅದರ ಮೇಲೆ ಕ್ಲೇಮ್ ಬೀಳದಂತೆ ಮಾಡಲು ಕೇಳಿ.

ಬೇರೆ ಲೇಬಲ್ ಹೆಸರಿದ್ದರೆ ಮಾತು ಬೇರೆ. ‘ನಮ್ಮ ರಾಯಚೂರು ಸೀಮೆಯ ವಿಜಯದಾಸರ ಪದ, ಯಾರದ್ದೇನು ಹಕ್ಕು’ ಅಂದಿದ್ದೀರಿ. ದಾಸರು ತೀರಿಕೊಂಡಿದ್ದು 1755ರಲ್ಲಿ. ನಮ್ಮ ಕಾನೂನಿನಲ್ಲಿ ಸಾಹಿತ್ಯದ ಹಕ್ಕು ಕರ್ತೃ ತೀರಿಕೊಂಡ ಮೇಲೆ 60 ವರ್ಷ. ಸಾಹಿತ್ಯ ಮುಕ್ತ, ನಿಜ. ಆದರೆ ಈಗ ಕೇಳುವ ಎಷ್ಟೋ ದೇವರನಾಮದ ಧಾಟಿಗಳು ಕ್ಯಾಸೆಟ್ ಕಾಲದಲ್ಲಿ ಕೂರಿಸಿದವು. ಗಿಟಾರ್, ಡ್ರಮ್ಸ್ ಎಷ್ಟೇ ಸೇರಿಸಿ, ಪಲ್ಲವಿಯ ಎಳೆ ಅದೇ ಇದ್ದರೆ ಸಂಯೋಜಕರ ಹಕ್ಕು ಉಳಿದಿರಬಹುದು. ನಿಮ್ಮ ಹಾಡು, ಆ ಲೇಬಲ್‌ನ ಹಾಡು ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳಿ.

ಧಾಟಿ ನಿಮ್ಮದೇ ಆಗಿದ್ದರೆ ಮಾತ್ರ ಡಿಸ್ಪ್ಯೂಟ್ ಹಾಕಿ. ಉತ್ತರಿಸಲು ಅವರಿಗೆ 30 ದಿನ ಇರುತ್ತದೆ. ಕ್ಲೇಮ್ ಬಂದ 5 ದಿನದೊಳಗೆ ಹಾಕಿದರೆ ಮೊದಲ ದಿನದಿಂದಲೇ ಜಾಹೀರಾತಿನ ದುಡ್ಡನ್ನು ತೀರ್ಮಾನವಾಗುವವರೆಗೆ ಯಾರಿಗೂ ಕೊಡದೆ ಯೂಟ್ಯೂಬ್ ತಡೆದಿಡುತ್ತದೆ.

ವಿಡಿಯೊ ಡಿಲೀಟ್ ಮಾಡಬೇಡಿ, ವ್ಯೂಸ್ ಹೋಗುತ್ತವೆ. ಕ್ಲೇಮ್ ಅಂದರೆ ಸ್ಟ್ರೈಕ್ (ಚಾನೆಲ್ ಮೇಲೆ ಬೀಳುವ ದಂಡನೆ) ಅಲ್ಲ. ಬ್ರೌಸರ್‌ನ ಇನ್‌ಕಾಗ್ನಿಟೊದಲ್ಲಿ, ಅಂದರೆ ಲಾಗಿನ್ ಆಗದೆ, ವಿಡಿಯೊ ತೆರೆದು ನೋಡಿ. ಓಡುತ್ತಿದ್ದರೆ ಉತ್ಸವದವರಿಗೆ ಇವತ್ತೇ ಲಿಂಕ್ ಕಳಿಸಿ.