ಆಧಾರ್ ಕಾಲಂ ಹೈಡ್ ಮಾಡಿ ಕಳಿಸಿದರೆ ಸಾಕಾ?

ಪ್ರಶ್ನೆ: ನಾವು 64 ಜನ ಸಣ್ಣ ಕಾಫಿ ಬೆಳೆಗಾರರು ಸೇರಿ ಸಂಘ ಮಾಡಿಕೊಂಡಿದ್ದೇವೆ. ನಮ್ಮ ಕಾಫಿ ಕೊಳ್ಳುವ ರಫ್ತು ಕಂಪನಿ ಯುರೋಪಿಗೆ ಕಳಿಸಬೇಕು ಅಂತ ಎಲ್ಲ ಸದಸ್ಯರ ವಿವರ ಕೇಳಿದೆ. ನನ್ನ ಎಕ್ಸೆಲ್ ಪಟ್ಟಿಯಲ್ಲಿ ಹೆಸರು, ಫೋನ್, ಆಧಾರ್, ಬ್ಯಾಂಕ್ ಖಾತೆ, ಸರ್ವೆ ನಂಬರ್, ತೋಟದ ಲೊಕೇಶನ್ ಎಲ್ಲ ಇದೆ. ಆಧಾರ್, ಬ್ಯಾಂಕ್ ಕಾಲಂ ಹೈಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಲಾ? ಹೋದ ಸಭೆಯಲ್ಲಿ ಎಲ್ಲರೂ ಒಪ್ಪಿದ್ದಾರೆ.
– ಸಂಘದ ಕಾರ್ಯದರ್ಶಿ, ಮೂಡಿಗೆರೆ ತಾಲ್ಲೂಕು

ಉತ್ತರ: ಒಂದು ವಾರ ತಡೆಯಿರಿ, ಕಾರ್ಯದರ್ಶಿಗಳೇ.

ಹೈಡ್ ಮಾಡಿದ್ದು ಅಳಿಸಿದ ಹಾಗಲ್ಲ. ಹಾಳೆಯ ಮೇಲ್ತುದಿಯಲ್ಲಿ ಪ್ರತಿ ಕಾಲಂಗೂ ಇರುವ ಇಂಗ್ಲಿಷ್ ಅಕ್ಷರಗಳನ್ನೇ ನೋಡಿ. ಸಿ ಆದಮೇಲೆ ಇ ಬಂದಿದ್ದರೆ ನಡುವೆ ಡಿ ಅಡಗಿದೆ ಅಂತ ಗೊತ್ತಾಗುತ್ತದೆ. ಎರಡನ್ನೂ ಸೇರಿಸಿ ಹಿಡಿದು ರೈಟ್ ಕ್ಲಿಕ್ ಮಾಡಿ ಅನ್‌ಹೈಡ್ ಒತ್ತಿದರೆ ಮುಗೀತು, 64 ಆಧಾರ್ ನಂಬರ್ ಕಣ್ಣೆದುರು. ಹಾಸನದಲ್ಲಿ ಒಂದು ಸಹಕಾರ ಸಂಘದ ಲೆಕ್ಕ ಬರೆಯುತ್ತಿದ್ದಾಗ ನಾನೂ ಹೀಗೇ ಪಟ್ಟಿ ಕಳಿಸಿದ್ದೆ. ಸಂಜೆ ಆ ಕಡೆಯ ಹುಡುಗ ಫೋನ್ ಮಾಡಿ, "ಸಾರ್, ಸದಸ್ಯರ ಸಾಲದ ಬಾಕಿನೂ ಇದೆಯಲ್ಲ, ಅದೂ ನಮಗಾ?" ಅಂದ. ಒಳ್ಳೆಯ ಹುಡುಗ, ಹೇಳಿದ. ಹೇಳದವರು ಎಷ್ಟು ಜನರೋ! ಹಾಗಾಗಿ ಹೊಸ ಫೈಲ್ ತೆರೆದು ಬೇಕಾದ ಕಾಲಂ ಮಾತ್ರ ಅಲ್ಲಿಗೆ ಹಾಕಿಕೊಳ್ಳಿ.

ಬೇಕಾದ್ದು ಬಹಳ ಇಲ್ಲ. ಯುರೋಪಿನ 2023ರ ಕಾನೂನು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಕಾಫಿ ಬೇಡ ಅನ್ನುತ್ತದೆ. ಅದಕ್ಕೇ ತೋಟದ ಅಕ್ಷಾಂಶ, ರೇಖಾಂಶ ಕೇಳುವುದು, ಚುಕ್ಕಿ ಆದಮೇಲೆ 6 ಅಂಕಿ ಬರುವಂತೆ. ತೋಟ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆಗಿಂತ ದೊಡ್ಡದಾದರೆ ಸುತ್ತಲಿನ ಗಡಿಯನ್ನೂ ಗುರುತಿಸಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು. ಜಮೀನಿನ ದಾಖಲೆಗೆ ಪಹಣಿ ಕೇಳಬಹುದು, ಕೊಡಿ. ಅದನ್ನು ಭೂಮಿ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ನೋಡುತ್ತಾರೆ. ಆಧಾರ್, ಪಾಸ್‌ಬುಕ್ ಆ ಕಾನೂನಿಗೆ ಬೇಕಿಲ್ಲ. ಕಂಪನಿಯವರು ಸುಮ್ನೆ ಇರಲಿ ಅಂತ ಕೇಳಿದರೆ, ಯಾತಕ್ಕೆ ಅಂತ ಬರೆದು ಕೊಡಿ ಅನ್ನಿ.

ಸಭೆಯಲ್ಲಿ ಎಲ್ಲರೂ ಒಪ್ಪಿದ್ದಾರೆ ಅಂದಿರಿ. ನಿಜ ಹೇಳಿ, 64 ಜನವೂ ಬಂದಿದ್ದರಾ? ಊಟಕ್ಕೆ ಮುಂಚೆಯೋ, ಆಮೇಲೋ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ಪ್ರಕಾರ ಒಪ್ಪಿಗೆ ಒಬ್ಬೊಬ್ಬರದೂ ಬೇರೆ ಬೇರೆ. ಯಾವ ವಿವರ, ಯಾತಕ್ಕೆ ಅಂತ ಮೊದಲೇ ತಿಳಿಸಿರಬೇಕು. ಆ ತಿಳುವಳಿಕೆ ಪತ್ರವನ್ನು ಕನ್ನಡದಲ್ಲೇ ಕೇಳುವ ಹಕ್ಕಿದೆ. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವ ಹಕ್ಕೂ ಇದೆ. ಒಂದು ಪುಟದ ಕಾಗದ ಮಾಡಿ, ಓದಲು ಬಾರದವರಿಗೆ ಓದಿ ಹೇಳಿ, ಸಹಿ ಹಾಕಿಸಿಕೊಳ್ಳಿ.

ಈ ದತ್ತಾಂಶ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು. ಮುಖ್ಯ ಭಾಗಗಳು ಜಾರಿಗೆ ಬರಲು 18 ತಿಂಗಳ ಗಡುವಿದೆ. ಆಮೇಲೆ ನೋಡಿಕೊಳ್ಳೋಣ ಅನ್ನಬೇಡಿ, ಇವತ್ತು ಕಳಿಸಿದ ಫೈಲ್ ಆಗ ಕೈಗೆ ವಾಪಸ್ ಬರುವುದಿಲ್ಲ. ಭದ್ರತೆಯಲ್ಲಿ ಲೋಪವಾದರೆ ದಂಡ 250 ಕೋಟಿ ರೂಪಾಯಿವರೆಗೆ ಇದೆ. ನಿಮ್ಮ ಸಂಘಕ್ಕೆ ಅಷ್ಟು ಹಾಕುತ್ತಾರೆ ಅಂತ ಹೆದರಿಸುತ್ತಿಲ್ಲ, ಆದರೆ ಸಂಘ ಚಿಕ್ಕದು ಅಂತ ಕಾಯ್ದೆ ಬಿಡುವುದೂ ಇಲ್ಲ. ಬೀರುವಿನಲ್ಲಿರುವ ರಿಜಿಸ್ಟರ್‌ಗೆ ಈ ಕಾಯ್ದೆ ತಾಗುವುದಿಲ್ಲ. ಅದರ ಫೋಟೊ ಹೊಡೆದು ಮೊಬೈಲ್‌ಗೆ ಹಾಕಿಕೊಂಡರೆ ತಾಗುತ್ತದೆ!

ಕಂಪನಿಯಿಂದಲೂ ಒಂದು ಪತ್ರ ಬರೆಸಿಕೊಳ್ಳಿ. ವಿವರವನ್ನು ಇನ್ಯಾರಿಗೆ ಕೊಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಸೋರಿದರೆ ನಿಮಗೆ ಯಾವಾಗ ತಿಳಿಸುತ್ತಾರೆ, ಇಷ್ಟು ಅದರಲ್ಲಿರಲಿ. ಮುಖ ಸಿಂಡರಿಸಬಹುದು. ಆದರೆ ನಿಮಗೆ ಅವರ ರೇಟು ಎಷ್ಟು ಬೇಕೋ, ಅವರಿಗೆ ನಿಮ್ಮ ತೋಟದ ಲೊಕೇಶನ್ನೂ ಅಷ್ಟೇ ಬೇಕು, ಅಲ್ವಾ?

ಕಳಿಸುವಾಗ ಗ್ರೂಪಿಗೆ ಹಾಕಬೇಡಿ. ಫೈಲ್‌ಗೆ ಪಾಸ್‌ವರ್ಡ್ ಇಟ್ಟು, ಈ ಕೆಲಸ ನೋಡುವ ಒಬ್ಬರ ಆಫೀಸಿನ ಮೇಲ್‌ಗೆ ಕಳಿಸಿ. ಪಾಸ್‌ವರ್ಡ್ ಅದೇ ಮೇಲ್‌ನಲ್ಲಿ ಬೇಡ, ಫೋನ್ ಮಾಡಿ ಹೇಳಿ.

ಯಾರೋ ಒಬ್ಬರು ಸಹಿ ಹಾಕುವುದಿಲ್ಲ ಅಂದರೆ ಜಗಳ ಬೇಡ. ಅವರ ಕಾಫಿ ಈ ಲಾಟ್‌ನಲ್ಲಿ ಹೋಗುವುದಿಲ್ಲ ಅಂತ ಮೊದಲೇ ತಿಳಿಸಿ, ಅವರ ಸಾಲು ತೆಗೆದು 63 ಜನರದ್ದು ಕಳಿಸಿ.