ಹಳೆಯ ಪತ್ರಿಕೆಗಳ ತುಣುಕು ಅಂಟಿಸಿ ಇಡೀ ಕಾದಂಬರಿ ಮಾಡುವುದು ಹೇಗೆ?

ಕಥೆಯನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ತುಣುಕು ಹುಡುಕುವುದು ಆಮೇಲೆ. ಬ್ರಿಟನ್ನಿನ ಲೇಖಕ ಗ್ರಹಾಂ ರಾಲ್ 2005ರಲ್ಲಿ ತಂದ ‘ವುಮನ್ಸ್ ವರ್ಲ್ಡ್’ ಕಾದಂಬರಿ ಹೀಗೇ ಆದದ್ದು. ತಮ್ಮ ಕರಡು ಬರಹಕ್ಕೆ ಹೊಂದುವ ಮಾತುಗಳನ್ನು 1960ರ ದಶಕದ ಮಹಿಳಾ ಪತ್ರಿಕೆಗಳಲ್ಲಿ ಹುಡುಕಿ, ಸುಮಾರು 40,000 ತುಣುಕು ಅಂಟಿಸಿದರು. ಸಿಕ್ಕ ಸಾಲು ತನ್ನ ಧಾಟಿಯನ್ನೂ ಹೊತ್ತು ತರುತ್ತದೆ. ಜಾಹೀರಾತಿನ ಮಾತು ಪಾತ್ರದ ಬಾಯಿಗೆ ಬರುತ್ತದೆ. ನನಗೆ ಇದರ ಜೀವ ಅಲ್ಲೇ ಕಾಣುತ್ತದೆ.

ಕನ್ನಡದಲ್ಲಿ ಕಷ್ಟ ಹೆಚ್ಚು. ರಾಯಚೂರಿನ ನಮ್ಮ ಮನೆಯಲ್ಲಿದ್ದ ಹಳೆಯ ‘ಸುಧಾ’ ಕತ್ತರಿಸಿ ಒಂದು ಪುಟ ಮಾಡಿ ನೋಡಿದೆ. ‘ಮನೆಗೆ’ ಸಿಕ್ಕರೆ ಅದು ‘ಮನೆಯಲ್ಲಿ’ ಆಗದು, ಪ್ರತ್ಯಯ ಪದಕ್ಕೇ ಬೆಸೆದಿರುತ್ತದೆ. ಇಂಗ್ಲಿಷಿನಲ್ಲಿ ‘ಟು’, ‘ಇನ್’ ಬೇರೆ ಬೇರೆ ಚೀಟಿ. ಹಾಗಾಗಿ ಬಿಡಿ ಪದಕ್ಕಿಂತ ಇಡೀ ಸಾಲನ್ನೇ ಕತ್ತರಿಸಿಕೊಳ್ಳಿ.